ಒಳ್ಳೆಯ ಅಪ್ಪನ ಬಗ್ಗೆ ಐದು ನಿಮಿಷ

ಕಳೆದ ವಾರ ಸೋಮವಾರ ನಮ್ಮ ಚರ್ಚಿನ ಗುರುಗಳು ಫೋನ್ ಮಾಡಿದರು. ಬರುವ ಭಾನುವಾರ ಅಪ್ಪಂದಿರ ದಿನ. ಪೂಜೆ ಮುಗಿದ ಮೇಲೆ ಯಾರಾದರೂ ಒಬ್ಬರು ಐದು ನಿಮಿಷ ಮಾತಾಡಬೇಕು. ಒಳ್ಳೆಯ ತಂದೆ ಹೇಗಿರಬೇಕು ಎಂಬುದರ ಬಗ್ಗೆ ಬೈಬಲ್ ಏನು ಹೇಳುತ್ತದೆ, ಅದೇ ವಿಷಯ. ನೀವು ಪೇಪರಿನಲ್ಲಿ ಬರೆಯುವವರು, ನಿಮಗೆ ಇದೆಲ್ಲ ನೀರು ಕುಡಿದ ಹಾಗೆ ಎಂದರು.

ಅವರು ವಾಕ್ಯ ಮುಗಿಸುವ ಮೊದಲೇ ನಾನು ಒಪ್ಪಿಕೊಂಡಿದ್ದೆ. (ಮೈಕ್ ಕೊಡುತ್ತೇವೆ ಎಂದರೆ ನಾನು ವಿಷಯ ಕೇಳುವುದೇ ಇಲ್ಲ. ಇದು ನಿಮಗೆ ಗೊತ್ತಿರುವ ಸಂಗತಿ.)

ಫೋನ್ ಇಟ್ಟು ಖುಷಿಯಿಂದ ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಹಿಲ್ಡಾ ಮೀನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಒಳ್ಳೆ ಅಪ್ಪನ ಬಗ್ಗೆ ನೀವಾ?" ಎಂದಳು. "ಅದನ್ನು ಜೆನಿಗೆ ಒಮ್ಮೆ ಹೇಳಿ ನೋಡಿ."

ಅಲ್ಲಿಗೆ ಖುಷಿ ಇಳಿಯಿತು. ಯಾಕೆಂದರೆ ಜೆನಿ ನನ್ನ ಜೊತೆ ಮಾತು ಬಿಟ್ಟು ಅಂದಿಗೆ ಐದನೆಯ ದಿನ.

ಜೆನಿ ಅಂದರೆ ಜೆನಿಟಾ, ನಮ್ಮ ಒಬ್ಬಳೇ ಮಗಳು. ಇಪ್ಪತ್ತು ವರ್ಷ, ಡಿಗ್ರಿಯ ಕೊನೆಯ ವರ್ಷ. ನಾನು ವಾರಕ್ಕೊಮ್ಮೆ ಇಲ್ಲಿ ಬರೆಯುವುದು ಬಿಟ್ಟರೆ ಉಳಿದ ಆರು ದಿನ ಕೆದಂಬಾಡಿಯಲ್ಲಿ ಕಸಿ ಗಿಡಗಳ ನರ್ಸರಿ ನಡೆಸುವವನು. ಜಾಯಿಕಾಯಿ, ರಂಬುಟಾನ್, ಮಾವು, ಸ್ವಲ್ಪ ಕರಿಮೆಣಸು. ಮಳೆ ಶುರುವಾಗುವಾಗ ನಮ್ಮ ಗಿಡಗಳು ಕಡಬ, ಅರಂತೋಡಿನವರೆಗೂ ಹೋಗುತ್ತವೆ. ಜೆನಿಗೆ ಕೈ ಚೆನ್ನಾಗಿದೆ. ಅವಳು ಕಟ್ಟಿದ ಕಸಿ ಹತ್ತರಲ್ಲಿ ಒಂಬತ್ತು ಹಿಡಿಯುತ್ತದೆ, ನನ್ನದು ಏಳು. ಓದು ಮುಗಿಸಿ ನರ್ಸರಿಯನ್ನೇ ನೋಡಿಕೊಳ್ಳುತ್ತೇನೆ, ಗಿಡ ತಲುಪಿಸುವ ಕೆಲಸವನ್ನೂ ನಾನೇ ಮಾಡುತ್ತೇನೆ ಎಂದು ಅವಳೇ ಹೇಳಿದ್ದಳು. ಅದಕ್ಕಾಗಿ ಪಿಕಪ್ ಕಲಿಯುತ್ತಿದ್ದಳು. ಎದುರಿಗೆ, ಹಿಂದಕ್ಕೆ ಕೆಂಪು ಎಲ್ ಅಕ್ಷರ. ಪಕ್ಕದ ಸೀಟಿನಲ್ಲಿ ಗುರುಗಳಾಗಿ ನಾನು.

ಈ ಮಾತನ್ನು ನಾನು ಪುತ್ತೂರು ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನ ಮಗಳು ಹೀಗೆ, ನನ್ನ ಮಗಳ ಕೈಗುಣ ಹಾಗೆ. ಒಬ್ಬರಿಗೆ ಮಾತ್ರ ಹೇಳಿರಲಿಲ್ಲ. ಅದು ಯಾರಿಗೆಂದು ನೀವು ಈಗಾಗಲೇ ಊಹಿಸಿರಬಹುದು.

ಅದರ ಹಿಂದಿನ ಗುರುವಾರ ನಡೆದದ್ದು ಇಷ್ಟು. ಈಶ್ವರಮಂಗಲದಲ್ಲಿ ಉಸ್ಮಾನ್ ಹಾಜಿಯವರ ಅಂಗಡಿ ಇದೆ. ಗೊಬ್ಬರ, ಪೈಪು, ಹಗ್ಗ, ಮಳೆಗಾಲದಲ್ಲಿ ನಮ್ಮ ಗಿಡಗಳು. ಅಂಗಡಿಯ ಎದುರು ಸ್ವಲ್ಪ ಇಳಿಜಾರು, ಇಳಿಜಾರಿನ ಕೊನೆಗೆ ಚರಂಡಿ. ಪಿಕಪ್ಪನ್ನು ಆ ಚರಂಡಿಯ ಅಂಚಿನವರೆಗೆ ರಿವರ್ಸ್ ತೆಗೆದರೆ ಗಿಡ ಇಳಿಸುವುದು ಸುಲಭ. ಅಂದು ಜೆನಿ ಸ್ಟಿಯರಿಂಗ್ ಹಿಡಿದಿದ್ದಳು. ನಾನು ಇಳಿದು ಹಿಂದೆ ನಿಂತೆ.

ಹಿಂದೆ ನಿಂತವನು ಗಾಡಿಯ ಹಿಂಬದಿಯ ತಗಡಿಗೆ ಕೈಯಲ್ಲಿ ಬಡಿದು ಸೂಚನೆ ಕೊಡುವುದು ನಮ್ಮ ಕಡೆಯ ಪದ್ಧತಿ. ಎರಡು ಬಡಿದರೆ ಬಾ, ಒಂದು ಬಡಿದರೆ ನಿಲ್ಲು. ಬಸ್ಸಿನ ಕಂಡಕ್ಟರರ ಸೀಟಿಯ ಹಾಗೆಯೇ. ಇದನ್ನು ಅವಳಿಗೆ ಕಲಿಸಿದ್ದು ನಾನೇ. ಬಾಯಲ್ಲಿ ಹೇಳಿದ್ದು ಇಂಜಿನಿನ ಸದ್ದಿನಲ್ಲಿ ಕೇಳುವುದಿಲ್ಲ, ಬಡಿತವನ್ನೇ ನಂಬು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದೆ.

ಪಿಕಪ್ ಹಿಂದೆ ಬಂತು. ಚೆನ್ನಾಗಿಯೇ ಬಂತು. ಇನ್ನೇನು ಚರಂಡಿ ಎರಡು ಅಡಿ ಎನ್ನುವಾಗ ನಾನು ಬಡಿದೆ. ಅವಳು ನಿಲ್ಲಿಸಲಿಲ್ಲ. ಎಡಗಡೆಯ ಹಿಂದಿನ ಚಕ್ರ ಚರಂಡಿಗೆ ಇಳಿಯಿತು, ಗಾಡಿ ಓರೆಯಾಯಿತು, ಮೇಲಿನ ಸಾಲಿನ ಜಾಯಿಕಾಯಿ ಗಿಡಗಳು ಜಾರಿ ಬಂದು ಕಲ್ಲಿನ ಮೇಲೆ ಬಿದ್ದವು. ಬಿದ್ದ ಹೆಚ್ಚಿನ ಗಿಡಗಳು ಕಸಿ ಕಟ್ಟಿದ ಜಾಗದಲ್ಲೇ ಮುರಿದಿದ್ದವು. ಅವು ಅವಳೇ ಕಟ್ಟಿದ ಗಿಡಗಳು.

ಆಮೇಲೆ ನಾನು ಶುರು ಮಾಡಿದೆ. ಕಣ್ಣು ಎಲ್ಲಿತ್ತು, ಕಿವಿ ಎಲ್ಲಿತ್ತು, ಇದು ನಿನ್ನಿಂದ ಆಗುವ ಕೆಲಸ ಅಲ್ಲ ಎಂದು ಮೊದಲೇ ಅಂದುಕೊಂಡಿದ್ದೆ (ಸುಳ್ಳು, ಅಂದುಕೊಂಡಿರಲಿಲ್ಲ), ನಾಳೆ ಮನುಷ್ಯರ ಮೇಲೆ ಹತ್ತಿಸಿದರೆ ಯಾರು ಹೊಣೆ. ಎದುರಿನ ಹೋಟೆಲಿನಿಂದ ನಾಲ್ಕು ಜನ ಎದ್ದು ಬಂದು ನಿಂತರು. ಜೀಪಿಗೆ ಕಾಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಜನ ಸೇರಿದರೆ ನನ್ನ ನಾಲಿಗೆಗೆ ಇನ್ನಷ್ಟು ಹುರುಪು ಬರುತ್ತದೆ, ಏನು ಮಾಡುವುದು. ಕೊನೆಗೆ ಬಾಗಿಲು ತೆರೆದು "ಇಳಿ ಕೆಳಗೆ" ಎಂದೆ.

ಅವಳು ಇಳಿದಳು. ಕೀ ನನ್ನ ಕೈಗೆ ಕೊಟ್ಟಳು. ಮುರಿದ ಗಿಡಗಳನ್ನು ಒಂದೊಂದಾಗಿ ಹೆಕ್ಕಿದಳು. ಒಂದು ಮಾತು ಎದುರು ಹೇಳಲಿಲ್ಲ. ಹೇಳಲಿಲ್ಲ ಎಂದಮೇಲೆ ತಪ್ಪು ಅವಳದ್ದೇ ಎಂದು ನಾನು ತೀರ್ಮಾನಿಸಿದೆ.

ಅಂದಿನಿಂದ ಗೋಡೆಯ ಮೊಳೆಯಲ್ಲಿ ನೇತಾಡುವ ಪಿಕಪ್ಪಿನ ಕೀಯನ್ನು ಅವಳು ಮುಟ್ಟಲಿಲ್ಲ. ಎರಡು ವಾರದಲ್ಲಿ ಪುತ್ತೂರಿನಲ್ಲಿ ಅವಳ ಡ್ರೈವಿಂಗ್ ಟೆಸ್ಟ್ ಇತ್ತು. ಟೆಸ್ಟಿಗೆ ಹೋಗುವುದಿಲ್ಲ, ನನಗೆ ಅದು ಆಗುವುದಿಲ್ಲ ಎಂದು ತಾಯಿಯ ಹತ್ತಿರ ಹೇಳಿದಳಂತೆ. ನನ್ನ ಹತ್ತಿರ ಅದನ್ನೂ ಹೇಳಲಿಲ್ಲ.

ಇದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು.

ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಕೂತು ಜಪಮಾಲೆ ಹೇಳುತ್ತೇವೆ. ಅದಕ್ಕೆ ತೇರ್ಸ್ ಎನ್ನುತ್ತೇವೆ. ಮುಗಿದ ಕೂಡಲೇ ಮಕ್ಕಳು ಕೈಮುಗಿದು ದೊಡ್ಡವರ ಮುಂದೆ ಬಂದು ಬೆಸಾಂವ್ ಕೇಳುತ್ತಾರೆ. ಬೆಸಾಂವ್ ಎಂದರೆ ಆಶೀರ್ವಾದ. "ಬೆಸಾಂವ್ ದೀ ಪಪ್ಪಾ" ಎಂದು ಮಗು ಕೇಳಬೇಕು, ದೇವರು ಒಳ್ಳೆಯದು ಮಾಡಲಿ ಎಂದು ಅಪ್ಪ ಹೇಳಬೇಕು. ಒಂದು ನಿಮಿಷದ ಕೆಲಸ. ಬೆಳಗ್ಗಿನಿಂದ ಎಷ್ಟೇ ಜಗಳ ಆಗಿರಲಿ, ಇದೊಂದು ತಪ್ಪುವುದಿಲ್ಲ. ನನ್ನ ಅಪ್ಪ ನನಗೆ ಬೆತ್ತದಲ್ಲಿ ಕೊಟ್ಟ ದಿನವೂ ಸಂಜೆ ಹೋಗಿ ಬೆಸಾಂವ್ ಕೇಳಿದ್ದೇನೆ, ಅವರು ಕೊಟ್ಟಿದ್ದಾರೆ.

ಜೆನಿ ಮೂರು ವರ್ಷದ ಮಗುವಾಗಿದ್ದಾಗಿನಿಂದ ಕೇಳಿದವಳು. ಈಶ್ವರಮಂಗಲದಿಂದ ಬಂದ ಸಂಜೆ ತೇರ್ಸ್ ಮುಗಿಯಿತು. ಅವಳು ತಾಯಿಯ ಹತ್ತಿರ ಬೆಸಾಂವ್ ತೆಗೆದುಕೊಂಡಳು. ನಾನು ಕೂತಲ್ಲೇ ಸ್ವಲ್ಪ ನೆಟ್ಟಗೆ ಕೂತೆ. ಅವಳು ಎದ್ದು ನೀರು ಕುಡಿಯಲು ಹೋದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ.

ನಾನು ಯಾಕೆ ಮೊದಲು ಮಾತಾಡಲಿಲ್ಲ? ಒಳ್ಳೆಯ ಪ್ರಶ್ನೆ. ಅಪ್ಪ ಎಂಬ ಪೋಸ್ಟಿನಲ್ಲಿ ಇರುವವನು ಮೊದಲು ಹೋಗಿ ಮಾತಾಡುವ ಕ್ರಮ ಇಲ್ಲ ಎಂದು ನನಗೆ ಯಾರೋ ಹೇಳಿಕೊಟ್ಟಿದ್ದರು. ಯಾರು ಎಂದು ನೆನಪಿಲ್ಲ. ಬಹುಶಃ ಯಾರೂ ಹೇಳಿರಲಿಲ್ಲ.

ಇಂಥ ಪರಿಸ್ಥಿತಿಯಲ್ಲಿ ನಾನು ಭಾಷಣದ ತಯಾರಿಗೆ ಕೂತೆ. ದಪ್ಪ ಪುಸ್ತಕ, ಓದುವ ಕನ್ನಡಕ, ಹೊಸ ನೋಟ್‌ಬುಕ್. ಒಬ್ಬ ಆದರ್ಶ ತಂದೆಯನ್ನು ಹುಡುಕಿ, ಅವನ ಮೇಲೆ ಐದು ನಿಮಿಷ ಹೇಳಿ ಇಳಿದು ಬಂದರೆ ಆಯಿತು ಎಂದು ನನ್ನ ಲೆಕ್ಕಾಚಾರ.

ಹುಡುಕಿದೆ ಮಾರಾಯ್ರೆ. ಸಿಗಬೇಕಲ್ಲ.

ಅಬ್ರಹಾಮ ದೊಡ್ಡ ಹೆಸರು, ಆದರೆ ಒಬ್ಬ ಮಗನನ್ನು ತಾಯಿಯ ಜೊತೆ ಮನೆಯಿಂದ ಕಳಿಸಿಬಿಟ್ಟ, ಇನ್ನೊಬ್ಬನನ್ನು ಕತ್ತಿ ಹಿಡಿದು ಬೆಟ್ಟಕ್ಕೆ ಹತ್ತಿಸಿದ. ಅದರ ಹಿಂದೆ ದೊಡ್ಡ ಅರ್ಥ ಇದೆ, ಗೊತ್ತು, ಆದರೆ ಅಪ್ಪಂದಿರ ದಿನಕ್ಕೆ ಹೇಳುವ ಕಥೆಯಲ್ಲ. ಇಸಾಕನಿಗೆ ಅವಳಿ ಮಕ್ಕಳು, ಅದರಲ್ಲಿ ಬೇಟೆ ತಂದು ಕೊಡುವವನ ಮೇಲೆ ಹೆಚ್ಚು ಪ್ರೀತಿ. ಯಾಕೋಬ ಹನ್ನೆರಡು ಗಂಡುಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಚಂದದ ಅಂಗಿ ಹೊಲಿಸಿದ, ಉಳಿದವರು ಆ ಒಬ್ಬನನ್ನು ಬಾವಿಗೆ ಹಾಕಿದರು. ಏಲಿ ಎಂಬ ಹಿರಿಯ ಯಾಜಕ ಊರಿಗೆಲ್ಲ ಬುದ್ಧಿ ಹೇಳಿ ಮನೆಯ ಮಕ್ಕಳನ್ನು ತಿದ್ದದೆ ಬಿಟ್ಟ. ದಾವೀದ ರಾಜನ ಮನೆಯ ಕಥೆಯನ್ನು ಚರ್ಚಿನಲ್ಲಿ ಮಕ್ಕಳ ಎದುರು ಹೇಳುವ ಹಾಗೂ ಇಲ್ಲ.

ಓದುತ್ತಾ ಹೋದ ಹಾಗೆ ವಿಚಿತ್ರವಾದ ಒಂದು ಸಮಾಧಾನ ಆಯಿತು. ಇಷ್ಟು ದೊಡ್ಡವರೇ ಹೀಗೆ ಇದ್ದರು ಎಂದಮೇಲೆ ನಾನು ಪರವಾಗಿಲ್ಲ. ಪುಸ್ತಕ ಅವರ ತಪ್ಪುಗಳನ್ನು ಮುಚ್ಚಿಟ್ಟಿಲ್ಲ, ಆದರೂ ಅವರನ್ನು ಪುಟದಿಂದ ಹೊರಗೂ ಹಾಕಿಲ್ಲ. ಇದನ್ನೇ ಭಾಷಣ ಮಾಡಿದರೆ ಹೇಗೆ?

ಆ ಸಮಾಧಾನ ಬುಧವಾರದವರೆಗೆ ಇತ್ತು. ಬುಧವಾರ, ಸಂತ ಪೌಲ ಆ ಕಾಲದ ಕ್ರೈಸ್ತರಿಗೆ ಬರೆದ ಪತ್ರಗಳಿಗೆ ಬಂದೆ. ಅಲ್ಲಿ ಒಂದು ಕಡೆ ಪೌಲ ಮಕ್ಕಳಿಗೆ ಹೇಳುತ್ತಾನೆ, ತಂದೆತಾಯಿಯ ಮಾತು ಕೇಳಿ ಎಂದು. ಇದು ನಮಗೆಲ್ಲ ಬಾಯಿಪಾಠ. ಮನೆಮನೆಯಲ್ಲಿ ಹೇಳಿ ಸವೆಸಿದ ಮಾತು. ಅದರ ಮರುಸಾಲನ್ನು ಮಾತ್ರ ನಾವು ಯಾರೂ ಮಕ್ಕಳ ಎದುರು ಓದುವುದಿಲ್ಲ. ಅದು ಅಪ್ಪಂದಿರಿಗೆ. ಮಕ್ಕಳನ್ನು ಕೆಣಕಬೇಡಿ, ಅವರು ಎದೆಗುಂದಿಯಾರು ಎಂಬ ಅರ್ಥದ ಮಾತು.

ಎದೆಗುಂದುವುದು. ನಾನು ತಲೆ ಎತ್ತಿ ನೋಡಿದೆ. ಎದುರಿನ ಗೋಡೆಯ ಮೊಳೆಯಲ್ಲಿ ಪಿಕಪ್ಪಿನ ಕೀ ಇತ್ತು.

ಗಮನಿಸಿದಿರಾ, ಅವರು ನಿಮಗೆ ಗೌರವ ಕೊಡದೆ ಹೋದಾರು ಎಂದು ಪೌಲ ಹೆದರಿಸುವುದಿಲ್ಲ. ಹಾಗೆ ಹೇಳಿದ್ದರೆ ನಾವು ಅಪ್ಪಂದಿರು ಕೂಡಲೇ ಕಿವಿಗೊಡುತ್ತಿದ್ದೆವು. ಅವನಿಗೆ ಚಿಂತೆ ಇರುವುದು ಮಗುವಿನದ್ದು. ನನ್ನಿಂದ ಆಗುವುದಿಲ್ಲ ಎಂದು ಮಗು ನಂಬಿಬಿಟ್ಟರೆ ಎಂಬ ಚಿಂತೆ. ನನ್ನ ಮಗಳು ಹೇಳಿದ್ದೂ ಅದೇ ಮಾತು ತಾನೇ?

ಹಿಲ್ಡಾ ಬಂದು ನೋಟ್‌ಬುಕ್ಕಿನ ಮೂರು ಪುಟ ತುಂಬಿದ್ದನ್ನು ನೋಡಿದಳು. (ನಮ್ಮ ಮನೆಯ ಮಾತು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕೊಂಕಣಿಯಲ್ಲಿ ಅದು ಇನ್ನೂ ಸ್ವಲ್ಪ ಖಾರವಾಗಿತ್ತು.)

"ಊರಿನವರಿಗೆ ಹೇಳ್ಲಿಕ್ಕೆ ಮೂರು ಪುಟ ಉಂಟು. ಮಗಳಿಗೆ ಹೇಳ್ಲಿಕ್ಕೆ ಒಂದು ಗೆರೆ ಇಲ್ಲ ನಿಮ್ಮಲ್ಲಿ."

ನೋಟ್‌ಬುಕ್ ಮುಚ್ಚಿಟ್ಟೆ. ಆದರೂ ಮಗಳ ಹತ್ತಿರ ಹೋಗಲಿಲ್ಲ. ಚಕ್ರ ಚರಂಡಿಗೆ ಇಳಿಸಿದ್ದು ಅವಳು, ಸ್ವಲ್ಪ ಜೋರಾಗಿ ಹೇಳಿದ್ದು ಮಾತ್ರ ನಾನು. ಇಷ್ಟು ಹಟ ಇನ್ನೂ ಒಳಗೆ ಉಳಿದಿತ್ತು.

ಶನಿವಾರ ಮುರಿದ ಗಿಡಗಳ ಬದಲಿಗೆ ಬೇರೆ ಗಿಡ ಕೊಡಲು ಈಶ್ವರಮಂಗಲಕ್ಕೆ ಒಬ್ಬನೇ ಹೋದೆ. ಉಸ್ಮಾನ್ ಹಾಜಿಯವರು ಅರವತ್ತು ದಾಟಿದವರು. ಹದಿನೆಂಟು ವರ್ಷ ಗಲ್ಫಿನಲ್ಲಿದ್ದು ಬಂದವರು. ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಾರೆ, ತುಳುವಿನಲ್ಲಿ ನಮ್ಮವರನ್ನು ಗೌರವದಿಂದ ಕರೆಯುವುದು ಹಾಗೆ. ಗಿಡ ಇಳಿಸಿ ಆಯಿತು, ಚಹಾ ಬಂತು. ಮಗಳು ಬರಲಿಲ್ವಾ ಎಂದು ಕೇಳಿದರು. ಅವಳಿಗೆ ಡ್ರೈವಿಂಗ್ ಸಾಕಾಗಿದೆ, ಅವತ್ತು ನೋಡಿದಿರಲ್ಲ, ಬಡಿದರೂ ನಿಲ್ಲಿಸಲಿಲ್ಲ ಎಂದೆ.

ಅವರು ಚಹಾದ ಗ್ಲಾಸು ಕೆಳಗಿಟ್ಟರು.

"ಪೊರ್ಬುಗಳೇ, ಬೇಜಾರು ಮಾಡ್ಬೇಡಿ. ಅವತ್ತು ನೀವು ಬಡಿದದ್ದು ಒಂದಲ್ಲ, ಎರಡು. ನಾನು ಇಲ್ಲೇ ನಿಂತಿದ್ದೆ. ಡಬ್ ಡಬ್ ಅಂತ ಎರಡು. ಮಗು ನೀವು ಹೇಳಿದ ಹಾಗೆ ಬಂತು."

ನಾನು ನಕ್ಕೆ. ಇರಲಿಕ್ಕಿಲ್ಲ ಎಂದೆ. ಮತ್ತೆ ಕೈಯನ್ನು ನೋಡಿಕೊಂಡೆ. ಚರಂಡಿ ಹತ್ತಿರ ಬಂದಾಗ ಗಾಬರಿಯಲ್ಲಿ ಅಂಗೈ ತಗಡಿಗೆ ಬಿದ್ದದ್ದು, ಮತ್ತೊಮ್ಮೆ ಬಿದ್ದದ್ದು, ಆ ಉರಿ, ಎಲ್ಲ ನೆನಪಾಯಿತು. ಹೆದರಿದ ಮನುಷ್ಯ ಒಂದೇ ಸಲ ಬಡಿಯುತ್ತಾನೆಯೇ? ನಾನು ಹೆದರಿದ್ದೆ. ಎರಡು ಬಡಿದಿದ್ದೆ. ಬಡಿತವನ್ನೇ ನಂಬು ಎಂದು ಹೇಳಿಕೊಟ್ಟವನು ನಾನೇ, ಅವಳು ನಂಬಿದಳು.

ನೀವು ಅವತ್ತೇ ಹೇಳಬಹುದಿತ್ತಲ್ಲ ಎಂದು ಹಾಜಿಯವರನ್ನು ಕೇಳಿದೆ. ನೀವು ಬೇರೆಯವರಿಗೆ ಬಾಯಿ ತೆರೆಯಲಿಕ್ಕೆ ಎಲ್ಲಿ ಬಿಟ್ಟಿರಿ ಎಂದು ಅವರು ನಿಧಾನವಾಗಿ ಹೇಳಿದರು. ಆಮೇಲೆ ಅವರು ತಮ್ಮ ವಿಷಯ ಹೇಳಿದರು. ಅವರಿಗೆ ಮೂವರು ಹೆಣ್ಣುಮಕ್ಕಳು. ಆ ಮಕ್ಕಳು ಬೆಳೆದದ್ದನ್ನೆಲ್ಲ ಅವರು ಗಲ್ಫಿನಿಂದ ಫೋನಿನಲ್ಲೇ ಕೇಳಿದ್ದು.

"ನನಗೆ ಬೈಲಿಕ್ಕೂ ಮಕ್ಕಳು ಎದುರಿಗೆ ಇರ್ಲಿಲ್ಲ. ನಿಮಗೆ ಎದುರಿಗೆ ಉಂಟಲ್ಲ ಮಾರಾಯ್ರೆ. ಹೋಗಿ ಮಾತಾಡಿ."

ಮನೆಯ ದಾರಿಯಲ್ಲಿ ಕಾವು, ಕುಂಬ್ರ ಎಂಬ ಊರುಗಳು ಯಾವಾಗ ದಾಟಿದವೋ ಗೊತ್ತಿಲ್ಲ. ಮನೆಗೆ ಬಂದವನು ಸೀದಾ ನರ್ಸರಿಯ ಶೆಡ್ಡಿಗೆ ಹೋದೆ. ಜೆನಿ ಸ್ಟೂಲಿನ ಮೇಲೆ ಕೂತು ಕಸಿ ಕಟ್ಟುತ್ತಿದ್ದಳು. ಮುರಿದು ಹೋದವುಗಳ ಬದಲಿಗೆ ಮತ್ತೆ ಜಾಯಿಕಾಯಿ. ನಾನು ಎದುರು ನಿಂತೆ. ಭಾಷಣಕ್ಕೆ ಮೂರು ಪುಟ ಬರೆದವನಿಗೆ ಮೊದಲ ಶಬ್ದ ಸಿಗುತ್ತಿರಲಿಲ್ಲ.

"ಅವತ್ತು ಎರಡು ಬಡಿದದ್ದು ನಾನು," ಎಂದೆ.

ಅವಳು ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತುತ್ತಲೇ ಇದ್ದಳು.

"ಗೊತ್ತು."

"ಗೊತ್ತಿದ್ರೆ ಹೇಳ್ಬಹುದಿತ್ತಲ್ಲ ಜೆನಿ?"

ಅವಳು ಗಂಟು ಹಾಕಿ ಗಿಡವನ್ನು ಪಕ್ಕಕ್ಕಿಟ್ಟಳು. ಒಂಬತ್ತು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ಅಷ್ಟು ಜನರ ಎದುರು ನಿಮಗೆ ಹೇಳುದಾ ಪಪ್ಪಾ?"

ಓದುಗರೇ, ನಾನು ಅನೇಕ ಸಲ ಅನೇಕರಿಂದ ಬೈಸಿಕೊಂಡವನು. ಈ ಅಂಕಣಕ್ಕೆ ಬರುವ ಕೆಲವು ಪತ್ರಗಳನ್ನು ಹಿಲ್ಡಾಗೆ ತೋರಿಸುವುದೂ ಇಲ್ಲ. ಆದರೆ ಈ ಒಂದು ವಾಕ್ಯದ ಹಾಗೆ ಯಾವುದೂ ನಾಟಿಲ್ಲ. ಅದೇ ಜನರ ಎದುರು ನಾನು ಅವಳ ಮರ್ಯಾದೆ ತೆಗೆಯುತ್ತಿದ್ದಾಗ ಅವಳು ನನ್ನದನ್ನು ಕಾಪಾಡುತ್ತಾ ನಿಂತಿದ್ದಳು. ಇಪ್ಪತ್ತು ವರ್ಷದ ಹುಡುಗಿ. ನಾಚಿಕೆಯಿಂದ ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ಏನೂ ಸಂಕೋಚವಿಲ್ಲ.

ತಪ್ಪಾಯಿತು ಎಂದೆ. ಆಯಿತು ಪಪ್ಪಾ ಎಂದಳು. ಅಷ್ಟಕ್ಕೆ ಎಲ್ಲ ಸರಿಹೋಗಬೇಕಿತ್ತು. ಸಿನಿಮಾದಲ್ಲಿ ಆಗಿದ್ದರೆ ಹೋಗುತ್ತಿತ್ತು. ಆ ಸಂಜೆಯೂ ತೇರ್ಸ್ ಮುಗಿಯಿತು, ಅವಳು ತಾಯಿಯ ಹತ್ತಿರ ಹೋದಳು, ನನ್ನ ಕಡೆ ಒಮ್ಮೆ ನೋಡಿದಳು, ಮತ್ತೆ ಒಳಗೆ ಹೋದಳು. ಕೀ ಮೊಳೆಯಲ್ಲೇ ಇತ್ತು.

ಯಾಕೆ ಎಂದು ಕೂತು ಯೋಚಿಸಿದೆ. ಅಷ್ಟು ಜನರ ಎದುರು ಎಂದಳಲ್ಲ. ಬೈದದ್ದು ಈಶ್ವರಮಂಗಲದ ಪೇಟೆಯಲ್ಲಿ, ಕ್ಷಮೆ ಕೇಳಿದ್ದು ಯಾರೂ ಇಲ್ಲದ ಶೆಡ್ಡಿನಲ್ಲಿ. ಹೋಟೆಲಿನಿಂದ ಎದ್ದು ಬಂದಿದ್ದ ಆ ನಾಲ್ಕು ಜನರ ಪಾಲಿಗೆ ಅವಳು ಇವತ್ತಿಗೂ ಗಾಡಿ ಚರಂಡಿಗೆ ಇಳಿಸಿದ ಹುಡುಗಿಯೇ.

ನಮ್ಮೂರಿನ ಅಪ್ಪಂದಿರ ಒಂದು ಅಭ್ಯಾಸ ನಿಮಗೂ ಗೊತ್ತಿರಬಹುದು. ಬೈಯುವುದಾದರೆ ನಾಲ್ಕು ಜನರ ಎದುರು, ಮಗುವಿನ ಮುಖಕ್ಕೆ. ಹೊಗಳುವುದಾದರೆ ಮಗು ಇಲ್ಲದಾಗ, ಬೇರೆಯವರ ಹತ್ತಿರ. ಎದುರಿಗೆ ಹೊಗಳಿದರೆ ತಲೆಗೆ ಏರುತ್ತದೆ ಎಂಬ ಹೆದರಿಕೆ. ನನ್ನ ಅಪ್ಪ ನನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಅವರ ಶವಸಂಸ್ಕಾರದ ದಿನ, ಅವರ ಗೆಳೆಯರ ಬಾಯಿಂದ. ಖುಷಿಪಡುವುದೋ ಅಳುವುದೋ ತಿಳಿಯದೆ ನಿಂತಿದ್ದೆ.

ಭಾಷಣಕ್ಕೆಂದು ತೆರೆದಿಟ್ಟಿದ್ದ ಪುಸ್ತಕ ಮೇಜಿನ ಮೇಲೆಯೇ ಇತ್ತು. ಮತ್ತೆ ಕೂತೆ. ಯೇಸು ನದಿಗೆ ಇಳಿದು ಸ್ನಾನದೀಕ್ಷೆ ಪಡೆದ ಪ್ರಸಂಗ ಬಂತು. ನೂರು ಸಲ ಕೇಳಿದ ಕಥೆ. ಆಕಾಶದಿಂದ ತಂದೆಯ ಧ್ವನಿ ಬರುತ್ತದೆ, ಇವನು ನನ್ನ ಮಗ, ನನಗೆ ಪ್ರಿಯನಾದವನು, ಇವನನ್ನು ನಾನು ಮೆಚ್ಚಿದ್ದೇನೆ ಎಂಬ ಅರ್ಥದಲ್ಲಿ. ನೂರು ಸಲ ಕೇಳಿದರೂ ಒಂದು ವಿಷಯ ನನಗೆ ಹೊಳೆದಿರಲಿಲ್ಲ. ಆ ಹೊತ್ತಿಗೆ ಮಗ ಇನ್ನೂ ಏನನ್ನೂ ಮಾಡಿರಲಿಲ್ಲ. ಒಂದು ಉಪದೇಶ ಇಲ್ಲ, ಒಬ್ಬ ರೋಗಿಯನ್ನು ಗುಣಪಡಿಸಿಲ್ಲ. ಕೆಲಸಕ್ಕೆ ಹೊರಡುವ ಮೊದಲೇ ಅಪ್ಪ ಮೆಚ್ಚಿಬಿಟ್ಟಿದ್ದಾನೆ. ಅದೂ ನದಿಯ ದಡದಲ್ಲಿ, ಗಟ್ಟಿಯಾಗಿ.

ನನ್ನ ಮೂರು ಪುಟದಲ್ಲಿ ಇದು ಇರಲಿಲ್ಲ.

ಮರುದಿನ ಬೆಳಗ್ಗೆ ಚರ್ಚಿಗೆ ಹೊರಡುವಾಗ ಜೆನಿಯನ್ನು ಕೇಳಿದೆ, ಅವತ್ತಿನ ವಿಷಯವನ್ನು ಮೈಕಿನಲ್ಲಿ ಹೇಳಿ ತಪ್ಪೊಪ್ಪಿಕೊಳ್ಳಲೇ ಎಂದು. ಚರ್ಚಿನಲ್ಲಿ ಬೇಡ ಎಂದಳು. ಚರ್ಚಿನಲ್ಲಿ ಯಾರಿಗೂ ಗೊತ್ತೇ ಇಲ್ಲ, ನೀವು ಹೇಳಿದರೆ ಅವರಿಗೂ ಗೊತ್ತಾಗುತ್ತದೆ ಅಷ್ಟೇ. ಸರಿಯಾದ ಮಾತು. ನನಗೆ ಮೈಕ್ ಕಂಡರೆ ತಪ್ಪೊಪ್ಪಿಗೆಯೂ ಪರ್ಫಾರ್ಮೆನ್ಸ್ ಆಗುತ್ತದೆ ಎಂದು ಮಗಳಿಗೆ ಗೊತ್ತು.

ಪೂಜೆ ಮುಗಿಯಿತು. ಹೆಸರು ಕರೆದರು. ಮೂರು ಪುಟವನ್ನು ಜೇಬಿನಲ್ಲೇ ಬಿಟ್ಟು ಹೋದೆ. ಸಂತ ಜೋಸೆಫರ ಬಗ್ಗೆ ಮಾತ್ರ ಹೇಳಿದೆ. ಯೇಸುವನ್ನು ಸಾಕಿ ಬೆಳೆಸಿದ ಈ ಬಡಗಿ ಇಡೀ ಗ್ರಂಥದಲ್ಲಿ ಒಂದೇ ಒಂದು ಮಾತು ಆಡುವುದಿಲ್ಲ. ದೇವದೂತ ಬಂದು ಏಳು ಎಂದರೆ ಏಳುತ್ತಾರೆ, ಮಗುವನ್ನು ಕರೆದುಕೊಂಡು ಹೋಗು ಎಂದರೆ ಹೋಗುತ್ತಾರೆ. ಹನ್ನೆರಡು ವರ್ಷದ ಮಗ ಜಾತ್ರೆಯ ಗುಂಪಿನಲ್ಲಿ ತಪ್ಪಿಹೋಗಿ ಮೂರು ದಿನ ಹುಡುಕಿಸಿ ಕೊನೆಗೆ ದೇವಾಲಯದಲ್ಲಿ ಸಿಕ್ಕಿದಾಗಲೂ ಕೇಳಿದ್ದು ತಾಯಿ, ಅಪ್ಪ ಏನಾದರೂ ಅಂದ ಎಂದು ಬರೆದಿಲ್ಲ. ಸ್ವರ್ಗದ ತಂದೆ ಮಾತಾಡಿದ್ದು ಮಾತ್ರ ಗಟ್ಟಿಯಾಗಿಯೇ, ಆದರೆ ಅದು ಮೆಚ್ಚುಗೆ. ನಾವು ಇದನ್ನು ಹಿಂದುಮುಂದು ಮಾಡಿಕೊಂಡಿದ್ದೇವೆ ಎಂದು ಹೇಳಿ ಇಳಿದೆ. ಒಂದೂವರೆ ನಿಮಿಷ ಆಗಿತ್ತು. ಹೊರಗೆ ಬಂದಾಗ ಒಬ್ಬ ಹಿರಿಯರು ಹತ್ತಿರ ಬಂದು, ಆರೋಗ್ಯ ಸರಿ ಇಲ್ಲವೇ ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದರು.

ಹೇಳಿದ್ದು ಸುಲಭ. ಮಾಡುವುದು ಮಂಗಳವಾರಕ್ಕೆ ಬಾಕಿ ಇತ್ತು.

ಮಂಗಳವಾರ ಬೆಳಗ್ಗೆ ಉಸ್ಮಾನ್ ಹಾಜಿಯವರಿಗೆ ಇನ್ನಷ್ಟು ರಂಬುಟಾನ್ ಗಿಡ ಬೇಕಿತ್ತು. ಪಿಕಪ್ ತುಂಬಿಸಿದೆ. ಮೊಳೆಯಿಂದ ಕೀ ತೆಗೆದು ಜೆನಿಯ ಎದುರು ಹಿಡಿದೆ. ನೀನು ಗಾಡಿ ಬಿಟ್ಟರೆ ಮಾತ್ರ ನಾನು ಹೋಗುವುದು ಎಂದೆ. ಅವಳು ತಾಯಿಯ ಮುಖ ನೋಡಿದಳು, ಕೀ ನೋಡಿದಳು. ನೀವು ದಾರಿಯಲ್ಲಿ ಬಾಯಿ ತೆರೆಯಬಾರದು ಎಂದಳು. ಒಪ್ಪಿಕೊಂಡೆ.

ಆ ಪ್ರಯಾಣವನ್ನು ನಾನು ಹೇಗೆ ವಿವರಿಸಲಿ? ಕುಂಬ್ರದಲ್ಲಿ ಒಂದು ಬಸ್ಸು ಮೈಮೇಲೆ ಬಂದ ಹಾಗೆ ಬಂತು, ನಾನು ಮಾತಾಡಲಿಲ್ಲ. ಕಾವಿನ ಹತ್ತಿರ ರಸ್ತೆಯ ಮಧ್ಯೆ ಒಂದು ದನ, ಮಾತಾಡಲಿಲ್ಲ. ಎಡಗಡೆಯ ಸೀಟಿಗೆ ಬ್ರೇಕ್ ಇಲ್ಲ ಎಂದು ಗೊತ್ತಿದ್ದೂ ತಿರುವು ಬಂದಾಗಲೆಲ್ಲ ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅವಳು ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ತುಟಿಯ ಕೊನೆ ಸ್ವಲ್ಪ ಅಲುಗಿದ್ದನ್ನು ನಾನೂ ನೋಡಿದೆ. ಸಂತ ಜೋಸೆಫರು ಕತ್ತೆಯ ಜೊತೆ ಪ್ರಯಾಣ ಮಾಡಿದವರು, ಅವರಿಗೆ ಮೌನ ಸುಲಭವಿತ್ತು.

ಈಶ್ವರಮಂಗಲ ಬಂತು. ಅದೇ ಅಂಗಡಿ, ಅದೇ ಇಳಿಜಾರು. ನಾನು ಇಳಿದೆ. ಹಾಜಿಯವರು ಹೊರಗೆ ಬಂದರು. ಎದುರಿನ ಹೋಟೆಲಿನಲ್ಲಿ ಅದೇ ಹೊತ್ತಿನ ಅದೇ ಮುಖಗಳು. ಅವರಿಗೆ ಪಿಕಪ್ಪಿನ ಗುರುತು ಸಿಕ್ಕಿತು. ಇಬ್ಬರು ಆಗಲೇ ಎದ್ದು ಬಾಗಿಲಿಗೆ ಬಂದರು.

ಅವತ್ತು ಅಷ್ಟು ಸಲೀಸಾಗಿ ಬಂದ ಮಾತು ಇವತ್ತು ಬರುತ್ತಿಲ್ಲ ಎಂದರೆ ಏನು ಹೇಳುವುದು. ಆದರೂ ಅವತ್ತು ಎಷ್ಟು ದೂರ ಕೇಳಿತ್ತೋ ಅಷ್ಟು ದೂರ ಕೇಳುವ ಹಾಗೆಯೇ ಹೇಳಿದೆ.

"ಅವತ್ತು ತಪ್ಪು ಮಾಡಿದ್ದು ನಾನು. ನಿಲ್ಲು ಅಂತ ಹೇಳ್ಬೇಕಾದಲ್ಲಿ ಎರಡು ಬಡಿದೆ. ಇವಳು ಸರಿಯಾಗಿಯೇ ಬಿಟ್ಟದ್ದು. ಇವಳು ನನ್ನ ಮಗಳು. ನನಗಿಂತ ಚೆನ್ನಾಗಿ ಕಸಿ ಕಟ್ತಾಳೆ, ಗಾಡಿಯೂ ಚೆನ್ನಾಗಿ ಬಿಡ್ತಾಳೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ಹೌದಾ ಎಂದರು. ಇನ್ನೊಬ್ಬರು, ಈ ಚರಂಡಿಗೆ ಮೊದಲೇ ಒಂದು ಚಪ್ಪಡಿ ಹಾಕಬೇಕಿತ್ತು ಎಂದು ಪಂಚಾಯಿತಿಯ ಕಡೆ ಮಾತು ತಿರುಗಿಸಿದರು. ಅಷ್ಟೇ ಆದದ್ದು. ಇಷ್ಟಕ್ಕಾಗಿ ಹನ್ನೆರಡು ದಿನ ಹಟ ಹಿಡಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ನಗು ಬಂತು.

ಜೆನಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು. "ಪಪ್ಪಾ, ರಿವರ್ಸ್ ತೆಗಿಯುದಾ?"

ಎರಡು ಬಡಿದೆ. ಪಿಕಪ್ ಹಿಂದೆ ಬಂತು. ನಿಧಾನವಾಗಿ, ನೇರವಾಗಿ. ಚರಂಡಿಗೆ ಎರಡು ಅಡಿ ಇರುವಾಗ ಒಂದು ಬಡಿದೆ. ಆಮೇಲೆ ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಗಾಡಿ ನಿಂತಿತು.

ಆ ಸಂಜೆ ತೇರ್ಸ್ ಮುಗಿದ ಮೇಲೆ ಜೆನಿ ತಾಯಿಯ ಹತ್ತಿರ ಹೋದಳು. ಮತ್ತೆ ನನ್ನ ಹತ್ತಿರ ಬಂದಳು. ಕೈಮುಗಿದು "ಬೆಸಾಂವ್ ದೀ ಪಪ್ಪಾ" ಎಂದಳು. ದೇವರು ಒಳ್ಳೆಯದು ಮಾಡಲಿ ಎಂದೆ. ಇನ್ನೊಂದು ಶಬ್ದ ಸೇರಿಸಲಿಲ್ಲ.

ಇದನ್ನು ಬರೆಯುತ್ತಿರುವುದು ಬುಧವಾರ. ನಾಳೆ ಪುತ್ತೂರಿನಲ್ಲಿ ಅವಳ ಟೆಸ್ಟ್. ನೀವು ಓದುವ ಹೊತ್ತಿಗೆ ಪಾಸೋ ಫೇಲೋ ಗೊತ್ತಾಗಿರುತ್ತದೆ. ಫೇಲಾದರೆ ಇನ್ನೊಮ್ಮೆ ಕೂತರಾಯಿತು, ಕೀ ಮಾತ್ರ ಇನ್ನು ತನ್ನ ಬ್ಯಾಗಿನಲ್ಲೇ ಇರುತ್ತದೆ ಎಂದು ಅವಳೇ ಹೇಳಿದ್ದಾಳೆ. ಆ ಮೊಳೆಗೆ ಹಿಲ್ಡಾ ಈಗ ಕೊಡೆ ನೇತುಹಾಕಿದ್ದಾಳೆ. ನನಗೂ ಟೆಸ್ಟಿಗೆ ಬರಲು ಅನುಮತಿ ಸಿಕ್ಕಿದೆ, ಎರಡೂ ಕೈ ಜೇಬಿನೊಳಗೆ ಇರಬೇಕು ಎಂಬ ಷರತ್ತಿನ ಮೇಲೆ.

ನಿಮ್ಮ ಮನೆಯಲ್ಲಿ ಪಿಕಪ್ ಇಲ್ಲದಿರಬಹುದು, ಆದರೂ ಕೇಳುತ್ತೇನೆ: ನೀವೇ ಎರಡು ಬಡಿದು, ಯಾಕೆ ನಿಲ್ಲಲಿಲ್ಲ ಎಂದು ಮಕ್ಕಳನ್ನು ಬೈದದ್ದು ಕೊನೆಯ ಸಲ ಯಾವಾಗ?